‘ಎಮ್ಮಿ ಹೆಂಗೋ ಮಾಡಾಕತ್ತೈತ್ರಿ’: ದನದ ಡಾಕ್ಟರಿಗೆ ಫೋನಿನಲ್ಲಿ ಏನಂತ ಹೇಳಬೇಕು?

 

ಬೆಳಗ್ಗೆ ಕೊಟ್ಟಿಗೆಗೆ ಹೋಗ್ತೀರಿ. ಎಮ್ಮೆ ಮೇವು ಮುಟ್ಟಿಲ್ಲ. ಬಾಯಿಂದ ಜೊಲ್ಲು ಸುರೀತಾ ಇದೆ. ನೀರಿಗೆ ಮೂತಿ ಇಡುತ್ತೆ, ಆದರೆ ನುಂಗೋಕೆ ಆಗ್ತಿಲ್ಲ. ಆಗ ಯಾರಿಗಾದರೂ ಮೊದಲು ಬರೋ ಯೋಚನೆ ಒಂದೇ: ಗಂಟಲಲ್ಲಿ ಏನೋ ಸಿಕ್ಕಿಕೊಂಡಿದೆ, ಕೈ ಹಾಕಿ ತೆಗೆಯೋಣ.

ಇವತ್ತಿನ ಮಾತೆಲ್ಲ ಆ ಕೈಯ ಬಗ್ಗೆ. ಅದು ಎಮ್ಮೆಯ ಬಾಯಿಗೆ ಹೋಗೋ ಮೊದಲು ಡಾಕ್ಟರಿಗೆ ಫೋನ್ ಹೋಗಬೇಕು. ಫೋನಿನಲ್ಲಿ ಸರಿಯಾದ ಮಾತು ಹೇಳಿದರೆ ದನವೂ ಉಳಿಯಬಹುದು, ಮನೆಯವರೂ ಉಳಿಯಬಹುದು.

ಸಿಂಧನೂರು, ಲಿಂಗಸುಗೂರು, ಮಸ್ಕಿ ಕಡೆ ಇಂಥ ಹೊತ್ತಲ್ಲಿ ಬರೋ ಮಾತುಗಳು ಗೊತ್ತೇ ಇವೆ. ‘ಸಾರ್, ಎಮ್ಮಿ ಹೆಂಗೋ ಮಾಡಾಕತ್ತೈತ್ರಿ.’ ‘ಕುರಿಗೆ ಗಾಳಿ ಸೋಕೈತ್ರಿ.’ ‘ಆಕಳಿಗೆ ಲಕ್ವ ಹೊಡದೈತ್ರಿ.’ ಇದರಲ್ಲಿ ತಪ್ಪೇನಿಲ್ಲ. ಆದರೆ ಇಪ್ಪತ್ತು ಕಿಲೋಮೀಟರ್ ದೂರದಲ್ಲಿರೋ ಡಾಕ್ಟರಿಗೆ ಇದರಿಂದ ಏನೂ ತಿಳಿಯೋದಿಲ್ಲ. ಮಿದುಳು, ಬೆನ್ನುಹುರಿ, ನರ, ಈ ಮೂರರಲ್ಲಿ ಎಲ್ಲಿ ತೊಂದರೆ ಆದರೂ ಹೊರಗೆ ಕಾಣೋದು ನಡಿಗೆ, ನಿಲುವು, ನೋಟ, ನುಂಗೋದು ಇಷ್ಟರಲ್ಲೇ. ಹಾಗಾಗಿ ರೋಗದ ಹೆಸರನ್ನು ಡಾಕ್ಟರಿಗೇ ಬಿಡಿ. ಕಂಡಿದ್ದನ್ನು ಕಂಡ ಹಾಗೆ ಹೇಳೋದು ನಮ್ಮ ಕೆಲಸ. ಅದಕ್ಕೆ ಬೇಕಾದ ಕೆಲವು ಪದಗಳನ್ನು ಇವತ್ತು ನೋಡೋಣ.

ತೂರಾಟ ಬೇರೆ, ಲಕ್ವ ಬೇರೆ

ಮೊದಲನೇ ಪದ ಅಟಾಕ್ಸಿಯಾ. ಕಾಲಲ್ಲಿ ಬಲ ಇದೆ, ಆದರೆ ಹಿಡಿತ ಇಲ್ಲ. ಕುಡಿದವರ ಹಾಗೆ ತೂರಾಡುತ್ತೆ, ಕಾಲು ಎಲ್ಲೆಲ್ಲೋ ಇಡುತ್ತೆ. ಎರಡನೇದು ಪ್ಯಾರೆಸಿಸ್. ಇಲ್ಲಿ ಬಲವೇ ಕಡಿಮೆ ಆಗಿದೆ, ಏಳೋಕೆ ಒದ್ದಾಡುತ್ತೆ, ಆದರೂ ಸ್ವಲ್ಪ ಆಡಿಸುತ್ತೆ. ಮೂರನೇದು ಪ್ಯಾರಾಲಿಸಿಸ್, ಅಂದರೆ ಪೂರ್ತಿ ಲಕ್ವ, ಅಲುಗಾಟವೇ ಇಲ್ಲ. ಹಿಂದಿನ ಎರಡು ಕಾಲು ಮಾತ್ರ ಬಿದ್ದಿದ್ದರೆ ಅದನ್ನು ಪ್ಯಾರಾಪ್ಲೀಜಿಯಾ ಅಂತಾರೆ. ಮುಂದಿನ ಕಾಲು ಸರಿ ಇದ್ದು ಹಿಂದಿನವು ಬಿದ್ದಿವೆ ಅಂದರೆ ತೊಂದರೆ ಬೆನ್ನುಹುರಿಯ ಹಿಂಭಾಗದಲ್ಲಿ ಇರಬಹುದು. ಡಾಕ್ಟರ್ ಅಲ್ಲಿಂದಲೇ ಹುಡುಕೋಕೆ ಶುರು ಮಾಡ್ತಾರೆ.

ಆದರೆ ನೆಲ ಹಿಡಿದ ಆಕಳೆಲ್ಲ ಲಕ್ವದ ಆಕಳಲ್ಲ. ಕರು ಹಾಕಿ ಮೂರು ದಿನದೊಳಗೆ ಬಿದ್ದಿದೆ, ಕಿವಿ ತಣ್ಣಗಿದೆ, ಕತ್ತು ಪಕ್ಕೆಗೆ ವಾಲಿಸಿ ಮಲಗಿದೆ ಅಂದರೆ ಅದು ಬಹುಶಃ ಹಾಲು ಜ್ವರ. ಹೆಸರಲ್ಲಿ ಜ್ವರ ಇದ್ದರೂ ಮೈ ಬಿಸಿ ಇರಲ್ಲ, ತಣ್ಣಗಾಗುತ್ತೆ. ರಕ್ತದಲ್ಲಿರೋ ಕ್ಯಾಲ್ಸಿಯಂ ಒಮ್ಮೆಲೆ ಹಾಲಿಗೆ ಹೋಗಿ ಸ್ನಾಯುಗಳು ಸೋತಿರುತ್ತವೆ. ಡಾಕ್ಟರ್ ನರಕ್ಕೆ ನಿಧಾನವಾಗಿ ಕ್ಯಾಲ್ಸಿಯಂ ಕೊಟ್ಟರೆ ಎಷ್ಟೋ ಸಲ ಆಕಳು ಅಲ್ಲೇ ಎದ್ದು ನಿಲ್ಲುತ್ತೆ. ಈ ಸ್ಥಿತಿಯಲ್ಲಿ ಗೊಟ್ಟದಲ್ಲಿ ಗಂಜಿ, ಕಷಾಯ ಹುಯ್ಯಬೇಡಿ. ನುಂಗೋ ಶಕ್ತಿ ಇಲ್ಲದಾಗ ಅದು ನೇರ ಶ್ವಾಸಕೋಶಕ್ಕೆ ಇಳಿಯುತ್ತೆ. ಹಾಗಾಗಿ ಫೋನಿನಲ್ಲಿ ‘ಕರು ಹಾಕಿ ಎಷ್ಟು ದಿನ ಆಯ್ತು’ ಅನ್ನೋದನ್ನು ಮೊದಲೇ ಹೇಳಿ.

ನಡುಕ, ಸೆಳವು, ಬಿಗಿತ

ನಡುಕ ಅಂದರೆ ಟ್ರೆಮರ್. ಮೈಯ ಮಾಂಸ ಸಣ್ಣಗೆ ಅದುರ್ತಾ ಇರುತ್ತೆ, ಪ್ರಾಣಿಗೆ ಎಚ್ಚರ ಇರುತ್ತೆ. ಸೆಳವು ಅಂದರೆ ಸೀಜರ್. ಬಿದ್ದು ಕೈಕಾಲು ಬಡಿಯುತ್ತೆ, ಎಚ್ಚರ ತಪ್ಪುತ್ತೆ, ಸ್ವಲ್ಪ ಹೊತ್ತಿಗೆ ನಿಲ್ಲುತ್ತೆ, ಮತ್ತೆ ಬರಬಹುದು. ಬಿಗಿತ ಅಂದರೆ ಮೈಯೆಲ್ಲ ಮರದ ಹಾಗೆ ಸೆಟೆದುಕೊಳ್ಳೋದು. ತಲೆ ಹಿಂದಕ್ಕೆ ಎಳೆದು ಬೆನ್ನು ಬಿಲ್ಲಿನ ಹಾಗೆ ಬಾಗಿದರೆ ಅದಕ್ಕೆ ಆಪಿಸ್ಥೋಟೋನಸ್ ಅನ್ನೋ ಉದ್ದದ ಹೆಸರಿದೆ. ಧನುರ್ವಾಯುವಿನಲ್ಲಿ ಹೀಗಾಗುತ್ತೆ. ಗಾಯದಲ್ಲಿ ಸೇರಿದ ಕ್ಲಾಸ್ಟ್ರಿಡಿಯಂ ಟೆಟನಿ ಅನ್ನೋ ಬ್ಯಾಕ್ಟೀರಿಯಾದ ವಿಷ ಇದಕ್ಕೆ ಕಾರಣ. ಬೀಜ ಒಡೆಸಿದ ಮೇಲೆ, ಉಣ್ಣೆ ಕತ್ತರಿಸುವಾಗ ಗಾಯ ಆದ ಮೇಲೆ ಕುರಿ, ಟಗರಿನ ನಡಿಗೆ ಬಿಗಿಯಾಗಿ ದವಡೆ ತೆರೆಯದಿದ್ದರೆ ಆ ಗಾಯದ ವಿಷಯವನ್ನೂ ಡಾಕ್ಟರಿಗೆ ಹೇಳಿ.

ಸಿಂಧನೂರಿನ ಭತ್ತದ ಸೀಮೆಯವರು, ಹತ್ತಿ, ಮೆಣಸಿನಕಾಯಿ ಬೆಳೆಯೋರು ಇನ್ನೊಂದನ್ನು ಗಮನಿಸಬೇಕು. ಹೊಲಕ್ಕೆ ಎಣ್ಣೆ ಹೊಡೆದಿದ್ದೀರಿ, ಬದುವಿನ ಹುಲ್ಲು ದನ ಮೇಯ್ದಿದೆ. ಜೊಲ್ಲು, ಕಣ್ಣೀರು, ಭೇದಿ, ಜೊತೆಗೆ ನಡುಕ ಬಂದಿದೆ. ಕಣ್ಣಿನ ಪಾಪೆ ಚಿಕ್ಕದಾಗಿದೆ. ಇದು ಆರ್ಗನೋಫಾಸ್ಫೇಟ್ ಗುಂಪಿನ ಕೀಟನಾಶಕದ ವಿಷ ಇರಬಹುದು. ನರ ಸ್ನಾಯುವಿಗೆ ಕಳಿಸೋ ಸಂದೇಶ ಕೆಲಸ ಮುಗಿದ ಮೇಲೆ ಅಳಿಸಿಹೋಗಬೇಕು. ಈ ವಿಷ ಅದನ್ನು ಅಳಿಸೋಕೆ ಬಿಡೋದಿಲ್ಲ. ಹೊತ್ತಿಗೆ ಸರಿಯಾಗಿ ಅಟ್ರೋಪಿನ್ ಇಂಜೆಕ್ಷನ್ ಸಿಕ್ಕರೆ ದನ ಬದುಕುತ್ತೆ. ಬಾಟಲಿಯ ಮೇಲಿನ ಹೆಸರನ್ನು ಫೋನಿನಲ್ಲೇ ಓದಿ ಹೇಳಿ. ಬಾಟಲಿ ಬಿಸಾಕಬೇಡಿ.

ಗಿರಕಿ ಹೊಡೆಯೋ ಕುರಿ

ಕೆಂಗುರಿ ತಳಿಯ ತವರು ನಮ್ಮ ರಾಯಚೂರು ಜಿಲ್ಲೆ, ಅದರಲ್ಲೂ ಲಿಂಗಸುಗೂರು, ಸಿಂಧನೂರು ಸೀಮೆ. ಇಲ್ಲಿನ ಕುರಿಗಾರರಿಗೆ ಒಂದೇ ಕಡೆ ಸುತ್ತುತ್ತಾ ಹಿಂಡಿನಿಂದ ಹಿಂದೆ ಬೀಳೋ ಕುರಿ ಹೊಸದಲ್ಲ. ಡಾಕ್ಟರುಗಳು ಇದನ್ನು ಸರ್ಕ್ಲಿಂಗ್ ಅಂತಾರೆ. ಇದಕ್ಕೆ ಬೇರೆ ಕಾರಣಗಳೂ ಇವೆ. ಆದರೆ ಕುರಿಯಲ್ಲಿ ಮುಖ್ಯವಾದ ಒಂದು ಕಾರಣ ಗಿಡ್ ರೋಗ. ಟೀನಿಯಾ ಮಲ್ಟಿಸೆಪ್ಸ್ ಅನ್ನೋ ಲಾಡಿಹುಳು ನಾಯಿಯ ಕರುಳಲ್ಲಿ ಇರುತ್ತೆ. ಅದರ ಮೊಟ್ಟೆ ನಾಯಿಯ ಮಲದಿಂದ ಹುಲ್ಲಿಗೆ, ಹುಲ್ಲಿನಿಂದ ಕುರಿಯ ಹೊಟ್ಟೆಗೆ ಹೋಗುತ್ತೆ. ಮರಿಹುಳು ಮಿದುಳಿಗೆ ಹೋಗಿ ನೀರು ತುಂಬಿದ ಗುಳ್ಳೆ ಆಗಿ ಬೆಳೆಯುತ್ತೆ. ಲಕ್ಷಣ ಕಾಣೋದು ತಿಂಗಳುಗಳಾದ ಮೇಲೆ. ಕುರಿ ಸಾಮಾನ್ಯವಾಗಿ ಗುಳ್ಳೆ ಇರೋ ಕಡೆಗೇ ಸುತ್ತುತ್ತೆ. ಅದಕ್ಕೇ ‘ಸುತ್ತುತ್ತೆ’ ಅಂತಷ್ಟೇ ಹೇಳಬೇಡಿ. ಎಡಕ್ಕೋ ಬಲಕ್ಕೋ, ಯಾವ ಕಣ್ಣು ಕಾಣ್ತಿಲ್ಲ ಅನ್ನೋದನ್ನೂ ಹೇಳಿ. ಗುಳ್ಳೆಯನ್ನು ಶಸ್ತ್ರಚಿಕಿತ್ಸೆ ಮಾಡಿ ತೆಗೆಯೋದಾದರೆ ಇದು ಬಹಳ ಮುಖ್ಯ.

ಸತ್ತ ಕುರಿಯ ತಲೆಯನ್ನು ನಾಯಿಗೆ ಹಾಕಿದರೆ ಹುಳು ಮತ್ತೆ ನಾಯಿಯ ಕರುಳಿಗೆ ಬಂತು ಅಂತ ಅರ್ಥ. ತಲೆಯನ್ನು ಆಳವಾಗಿ ಹೂಳಿ ಅಥವಾ ಸುಡಿ. ಹಟ್ಟಿಯ ನಾಯಿಗಳಿಗೆ ಡಾಕ್ಟರ್ ಹೇಳಿದ ಹಾಗೆ ಜಂತುಹುಳು ಔಷಧ ಕೊಡಿಸಿ. ಅಲ್ಲಿಗೆ ಆ ಸರಪಳಿ ಕಡಿಯುತ್ತೆ.

ಸುತ್ತೋದರ ಬದಲು ಗೋಡೆಗೆ ತಲೆ ಒತ್ತಿ ನಿಂತರೆ ಅದು ಹೆಡ್ ಪ್ರೆಸಿಂಗ್. ತಲೆ ಮೇಲೆತ್ತಿ ಆಕಾಶ ನೋಡ್ತಾ ನಿಂತರೆ ಸ್ಟಾರ್ ಗೇಜಿಂಗ್. ಸುಗ್ಗಿಯಲ್ಲಿ ರಾಶಿಗೆ ಬಿದ್ದು ಕಾಳು ಹೆಚ್ಚಾಗಿ ತಿಂದ ಕುರಿ, ಮೇಕೆಗಳಲ್ಲಿ ಹೀಗಾದರೆ ಬಿ1 ಜೀವಸತ್ವದ ಕೊರತೆಯಿಂದ ಮಿದುಳು ಊದಿರಬಹುದು. ಬೇಗ ಇಂಜೆಕ್ಷನ್ ಸಿಕ್ಕರೆ ಚೇತರಿಸಿಕೊಳ್ಳುತ್ತವೆ. ತಡ ಮಾಡಿದರೆ ಕಣ್ಣು, ಆಮೇಲೆ ಪ್ರಾಣವೂ ಹೋಗಬಹುದು.

ಚೀಟಿಯಲ್ಲಿರೋ ಪದ ಒಡೆಯೋದು ಹೇಗೆ?

ಡಾಕ್ಟರ್ ಬರೆದ ಚೀಟಿಯಲ್ಲಿ ‘ಐಟಿಸ್’ ಅಂತ ಕೊನೆಯಾಗೋ ಪದ ಇದ್ದರೆ ಅದು ಉರಿಯೂತ. ಎನ್ಸೆಫಲೈಟಿಸ್ ಅಂದರೆ ಮಿದುಳಿನ ಉರಿಯೂತ. ಮೆನಿಂಜೈಟಿಸ್ ಅಂದರೆ ಮಿದುಳು, ಬೆನ್ನುಹುರಿ ಸುತ್ತಿರೋ ಪೊರೆಯದು. ಮೈಲೈಟಿಸ್ ಬೆನ್ನುಹುರಿಯದು, ನ್ಯೂರೈಟಿಸ್ ನರದ್ದು. ‘ಪ್ಲೀಜಿಯಾ’ ಅಂತ ಕೊನೆಯಾದರೆ ಲಕ್ವ. ಇಷ್ಟು ಗೊತ್ತಿದ್ದರೆ ‘ಏನಂದ್ರು ಡಾಕ್ಟ್ರು?’ ಅಂತ ಮನೆಯಲ್ಲಿ ಕೇಳಿದಾಗ ಉತ್ತರ ಇರುತ್ತೆ.

ಈಗ ಆ ಕೈಯ ವಿಷಯ

ಕೊನೆಯ ಪದ ಡಿಸ್ಫೇಜಿಯಾ, ನುಂಗೋಕೆ ಆಗದೇ ಇರೋದು. ಗಂಟಲಲ್ಲಿ ಏನೋ ಸಿಕ್ಕಿರಬಹುದು, ನಿಜ. ಆದರೆ ರೇಬಿಸ್‌ನಲ್ಲೂ ಹೀಗೇ ಆಗುತ್ತೆ. ಹುಚ್ಚುನಾಯಿ ಕಚ್ಚಿದ ಜಾಗದಿಂದ ವೈರಸ್ ನರದ ಗುಂಟ ಮಿದುಳಿಗೆ ಹೋಗುತ್ತೆ. ಇದಕ್ಕೆ ವಾರಗಳು, ತಿಂಗಳುಗಳೇ ಹಿಡೀಬಹುದು. ನಾಯಿ ಕಚ್ಚಿದ್ದು ಮನೆಯವರಿಗೆ ಮರೆತೇ ಹೋಗಿರುತ್ತೆ. ಗಂಟಲು, ದವಡೆಯ ನರಗಳು ಸೋತಾಗ ಜೊಲ್ಲು ನುಂಗೋಕೂ ಆಗೋದಿಲ್ಲ. ಆ ಜೊಲ್ಲಿನಲ್ಲೇ ವೈರಸ್ ಇರುತ್ತೆ.

ರೇಬಿಸ್ ಅಂದರೆ ಹಾಯೋದು, ಕಚ್ಚೋಕೆ ಬರೋದು ಅಂತ ಎಲ್ಲರ ಲೆಕ್ಕ. ಅದು ಒಂದು ರೂಪ, ಉಗ್ರ ರೂಪ. ಇನ್ನೊಂದು ಮೂಕ ರೂಪ. ಪ್ರಾಣಿ ಸುಮ್ಮನೆ ನಿಂತಿರುತ್ತೆ, ಜೊಲ್ಲು ಸುರಿಸುತ್ತೆ, ಒಡೆದ ದನಿಯಲ್ಲಿ ಕೂಗುತ್ತೆ, ಹಿಂಗಾಲು ಎಳೆಯುತ್ತೆ. ಜನ ಕನಿಕರದಿಂದ ಬಾಯಿಗೆ ಕೈ ಹಾಕೋದು ಈ ರೂಪದಲ್ಲೇ. ಬೆರಳಲ್ಲಿ ಒಂದು ಗೀರು ಇದ್ದರೂ ಸಾಕು. ಲಕ್ಷಣ ಕಾಣಿಸಿಕೊಂಡ ಮೇಲೆ ದನಕ್ಕಾಗಲಿ ಮನುಷ್ಯರಿಗಾಗಲಿ ಬದುಕುವ ಆಸೆ ಇಲ್ಲ ಅಂತಲೇ ಹೇಳಬೇಕು. ಆದರೆ ಅದಕ್ಕೂ ಮೊದಲು ಲಸಿಕೆ ತಗೊಂಡರೆ ತಡೆಯಬಹುದು. ಲೂಯಿ ಪಾಶ್ಚರ್ 1885ರಲ್ಲೇ ಇದನ್ನು ತೋರಿಸಿಕೊಟ್ಟರು.

ಕೈ ಹಾಕಿ ಆಗಿಹೋಗಿದೆ ಅಂದರೆ ಮುಚ್ಚಿಡಬೇಡಿ. ಸಾಬೂನು ಹಚ್ಚಿ ಹರಿಯೋ ನೀರಲ್ಲಿ 15 ನಿಮಿಷ ತೊಳೆಯಿರಿ. ಅರಿಶಿನ, ಸುಣ್ಣ, ಖಾರದ ಪುಡಿ ಹಚ್ಚಬೇಡಿ. ಅವತ್ತೇ ಸರ್ಕಾರಿ ಆಸ್ಪತ್ರೆಗೆ ಹೋಗಿ, ಡಾಕ್ಟರ್ ಹೇಳಿದ ದಿನಗಳಂದು ಅಷ್ಟೂ ಲಸಿಕೆ ತಗೊಳ್ಳಿ. ಅನುಮಾನ ಇರೋ ಪ್ರಾಣಿಯ ಹಾಲನ್ನು ಬಳಸಬೇಡಿ. ಕಾಯಿಸದ ಹಾಲು ಕುಡಿದಿದ್ದರೆ ಅದನ್ನೂ ಡಾಕ್ಟರಿಗೆ ಹೇಳಿ. ಪ್ರಾಣಿ ಸತ್ತರೆ ನೀವೇ ಕೊಯ್ಯೋಕೆ ಹೋಗಬೇಡಿ. ರೇಬಿಸ್ ಖಚಿತ ಮಾಡೋದು ಮಿದುಳಿನ ಪರೀಕ್ಷೆಯಿಂದ, ಅದಕ್ಕೆ ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ಪ್ರಯೋಗಾಲಯ ಇದೆ. ಮಾದರಿ ತೆಗೆಯೋದು ಪಶುವೈದ್ಯರ ಕೆಲಸ.

ಹಾಗಾದರೆ ಫೋನಿನಲ್ಲಿ ಏನು ಹೇಳಬೇಕು? ಯಾವಾಗ ಶುರುವಾಯ್ತು. ತೂರಾಟವೋ, ನಡುಕವೋ, ಸೆಳವೋ, ಬಿಗಿತವೋ. ಯಾವ ಕಾಲು, ಯಾವ ಕಡೆ. ನುಂಗುತ್ತೋ ಇಲ್ಲವೋ. ಏನು ತಿಂದಿತ್ತು, ಹೊಲಕ್ಕೆ ಏನು ಹೊಡೆದಿದ್ದಿರಿ. ಕರು ಹಾಕಿ ಎಷ್ಟು ದಿನ. ಕಳೆದ ಕೆಲವು ತಿಂಗಳಲ್ಲಿ ನಾಯಿ ಕಚ್ಚಿತ್ತಾ. ದೂರ ನಿಂತು ಅರ್ಧ ನಿಮಿಷದ ವಿಡಿಯೋ ಮಾಡಿ ಕಳಿಸಿದರೆ ಇನ್ನೂ ಒಳ್ಳೇದು. ಹತ್ತಿರದ ಪಶು ಆಸ್ಪತ್ರೆಯ ನಂಬರ್ ಇಲ್ಲದಿದ್ದರೆ 1962ಕ್ಕೆ ಕರೆ ಮಾಡಿ, ಅದು ಪಶು ಸಂಚಾರಿ ಚಿಕಿತ್ಸಾ ವಾಹನದ ಸಹಾಯವಾಣಿ.

‘ಹೆಂಗೋ ಮಾಡಾಕತ್ತೈತ್ರಿ’ ಅನ್ನೋದರ ಬದಲು ‘ಜೊಲ್ಲು ಸುರಿಸಾಕತ್ತೈತ್ರಿ, ನುಂಗಾಕ ಬರವಲ್ದು, ಎರಡು ತಿಂಗಳ ಹಿಂದ ನಾಯಿ ಕಚ್ಚಿತ್ರಿ’ ಅಂತ ಹೇಳಿ ನೋಡಿ. ಡಾಕ್ಟರ್ ಗಾಡಿ ಹತ್ತೋ ಮೊದಲೇ ಹೇಳೋ ಮೊದಲ ಮಾತು ‘ಬಾಯಾಗ ಕೈ ಹಾಕಬ್ಯಾಡ್ರಿ’ ಅಂತ ಇರುತ್ತೆ.

ಈ ಸಂಚಿಕೆಯನ್ನು ದನ, ಕುರಿ ಇರೋ ಮನೆಯವರಿಗೆಲ್ಲ ಕೇಳಿಸಿ.