ವಿಮಾನದೊಳಗಿನ ಜಾಲ: ಸಂದೇಶ ಹೊತ್ತಿಗೆ ಸರಿಯಾಗಿ ಮುಟ್ಟುವುದು ಹೇಗೆ?

ವೇಗ, ಎತ್ತರ, ಇಂಧನದ ಮಟ್ಟ, ಫ್ಲ್ಯಾಪ್‌ಗಳ ಸ್ಥಿತಿ: ಹಾರಾಟದುದ್ದಕ್ಕೂ ಈ ಮಾಹಿತಿ ವಿಮಾನದ ಕಂಪ್ಯೂಟರ್‌ಗಳ ನಡುವೆ ಓಡಾಡುತ್ತಲೇ ಇರುತ್ತದೆ. ಹಿಂದೆ ಒಂದೊಂದು ಕೆಲಸಕ್ಕೆ ಒಂದೊಂದು ಪೆಟ್ಟಿಗೆ ಇತ್ತು. ಅವುಗಳನ್ನು ಜೋಡಿಸುತ್ತಿದ್ದ ಎರಿಂಕ್ 429 ಪದ್ಧತಿಯಲ್ಲಿ ಒಂದು ಜೋಡಿ ತಂತಿಯ ಮೇಲೆ ಕಳಿಸುವ ಉಪಕರಣ ಒಂದೇ, ಪಡೆಯುವವು ಹೆಚ್ಚೆಂದರೆ 20. ವೇಗ ಸೆಕೆಂಡಿಗೆ ಹೆಚ್ಚೆಂದರೆ 1 ಲಕ್ಷ ಬಿಟ್. ಉತ್ತರ ಬರಬೇಕಾದರೆ ಬೇರೆಯದೇ ಜೋಡಿ ತಂತಿ ಬೇಕು. ಉಪಕರಣ ಹೆಚ್ಚಿದಂತೆಲ್ಲ ತಂತಿಯ ತೂಕವೂ ಏರಿತು.

ನಂತರ ಬಂದ ಮಾಡ್ಯುಲರ್ ಏವಿಯಾನಿಕ್ಸ್ ಎಂಬ ವ್ಯವಸ್ಥೆಯಲ್ಲಿ ಒಂದೇ ಕಂಪ್ಯೂಟರ್ ಮಾಡ್ಯೂಲ್ ಹಲವು ಕೆಲಸಗಳ ತಂತ್ರಾಂಶವನ್ನು ನಡೆಸುತ್ತದೆ. ಪ್ರತಿ ಕೆಲಸಕ್ಕೂ ಮೆಮೊರಿ ಬೇರೆ, ಸಮಯ ಬೇರೆ. ಈ ಮಾಡ್ಯೂಲ್‌ಗಳನ್ನು ಬೆಸೆಯಲು ಏರ್‌ಬಸ್ ಎಎಫ್‌ಡಿಎಕ್ಸ್ ಜಾಲವನ್ನು ರೂಪಿಸಿತು. 2005ರಲ್ಲಿ ಮೊದಲು ಹಾರಿದ ಎ380ರಲ್ಲಿ ಅದು ಸೆಕೆಂಡಿಗೆ 10 ಕೋಟಿ ಬಿಟ್ ವೇಗದಲ್ಲಿ ಕೆಲಸ ಮಾಡುತ್ತದೆ. ಬೋಯಿಂಗ್ 787ರ ಜಾಲಕ್ಕೂ ಇದೇ ಮಾನದಂಡ ಆಧಾರ.

ಇದರ ಬುನಾದಿ ನಮ್ಮ ಕಚೇರಿಗಳಲ್ಲಿರುವ ಈಥರ್‌ನೆಟ್ಟೇ. ಆದರೆ ಕಚೇರಿಯ ಜಾಲದಲ್ಲಿ ಸಂದೇಶಗಳನ್ನು ಮುಂದಕ್ಕೆ ಕಳಿಸುವ ಸ್ವಿಚ್‌ನಲ್ಲಿ ದಟ್ಟಣೆಯಾದರೆ ಸಂದೇಶ ಸಾಲಿನಲ್ಲಿ ಕಾಯುತ್ತದೆ, ಸಾಲು ತುಂಬಿದರೆ ಕಳೆದೇಹೋಗುತ್ತದೆ. ವಿಮಾನದಲ್ಲಿ ಹಾಗಾಗಕೂಡದು.

ಅದಕ್ಕೆ ಮಾಡಿದ ಏರ್ಪಾಡೇ ವರ್ಚುವಲ್ ಲಿಂಕ್. ಪ್ರತಿ ಲಿಂಕ್‌ಗೆ ಕಳಿಸುವ ಉಪಕರಣ ಒಂದೇ. ಪಡೆಯುವವು ಯಾವುವು, ದಾರಿ ಯಾವುದು ಎಂಬುದೆಲ್ಲ ಕೋಷ್ಟಕದಲ್ಲಿ ಮೊದಲೇ ಬರೆದಿಟ್ಟದ್ದು. ಎರಡು ಸಂದೇಶಗಳ ನಡುವೆ ಇರಲೇಬೇಕಾದ ಅಂತರ 1ರಿಂದ 128 ಮಿಲಿಸೆಕೆಂಡ್‌ವರೆಗೆ ನಿಗದಿಯಾಗಿರುತ್ತದೆ. ಸಂದೇಶದ ಗರಿಷ್ಠ ಗಾತ್ರವೂ ಅಷ್ಟೇ. ಅಂತರ 8 ಮಿಲಿಸೆಕೆಂಡ್, ಗಾತ್ರ 200 ಬೈಟ್ ಎನ್ನೋಣ. ಆಗ ಸೆಕೆಂಡಿಗೆ ಹೆಚ್ಚೆಂದರೆ 125 ಸಂದೇಶ, ಅಂದರೆ 2 ಲಕ್ಷ ಬಿಟ್. ಜಾಲದ ಸಾಮರ್ಥ್ಯದಲ್ಲಿ ಇದು ಶೇ 0.2 ಮಾತ್ರ. ಹೀಗೆ ಪ್ರತಿ ಲಿಂಕ್‌ನ ಮಿತಿ ಗೊತ್ತಿರುವುದರಿಂದ, ಯಾವ ಸ್ವಿಚ್‌ನಲ್ಲಿ ಸಾಲು ಎಷ್ಟು ಬೆಳೆಯಬಹುದು, ಸಂದೇಶ ಎಷ್ಟು ಹೊತ್ತು ಕಾಯಬೇಕಾದೀತು ಎಂಬುದನ್ನು ವಿಮಾನ ಹಾರುವ ಮೊದಲೇ ಗಣಿತದಿಂದ ತೋರಿಸಬಹುದು.

ಕೆಟ್ಟ ಉಪಕರಣವೊಂದು ಎಡೆಬಿಡದೆ ಸಂದೇಶ ಕಳಿಸತೊಡಗಿದರೆ? ಸ್ವಿಚ್ ಪ್ರತಿ ಲಿಂಕ್‌ನ ಲೆಕ್ಕ ಇಟ್ಟಿರುತ್ತದೆ. ಮಿತಿ ಮೀರಿದ್ದನ್ನು ಅಲ್ಲೇ ಕೈಬಿಡುತ್ತದೆ. ಉಳಿದ ಲಿಂಕ್‌ಗಳಿಗೆ ಅದರ ಬಿಸಿ ತಟ್ಟುವುದಿಲ್ಲ.

ತಂತಿ ತುಂಡಾದರೂ ಮಾಹಿತಿ ನಿಲ್ಲಬಾರದೆಂದು ಪ್ರತಿ ಸಂದೇಶದ ಎರಡು ಪ್ರತಿಗಳು ಎ ಮತ್ತು ಬಿ ಎಂಬ ಎರಡು ಪ್ರತ್ಯೇಕ ಜಾಲಗಳಲ್ಲಿ ಒಟ್ಟಿಗೆ ಹೊರಡುತ್ತವೆ. ಎರಡಕ್ಕೂ ಒಂದೇ ಕ್ರಮಸಂಖ್ಯೆ. ಪಡೆಯುವ ಉಪಕರಣ ಸರಿಯಾಗಿದ್ದು ಮೊದಲು ಬಂದದ್ದನ್ನು ಸ್ವೀಕರಿಸಿ, ಅದೇ ಸಂಖ್ಯೆಯ ಇನ್ನೊಂದನ್ನು ಬಿಟ್ಟುಬಿಡುತ್ತದೆ.

ಈ ಭದ್ರತೆಗೆ ತೆರಬೇಕಾದ ಬೆಲೆಯೂ ಇದೆ: ಹೊಸ ಉಪಕರಣವನ್ನು ಸುಮ್ಮನೆ ಸಿಕ್ಕಿಸಿ ನಡೆಸಲಾಗದು. ಹೊಸದೊಂದು ಲಿಂಕ್ ಸೇರಿದರೆ ಕೋಷ್ಟಕ ತಿದ್ದಬೇಕು, ಕಾಯುವ ಸಮಯದ ಲೆಕ್ಕವನ್ನೂ ಮತ್ತೆ ಹಾಕಬೇಕು. ನೂರಾರು ಪ್ರಯಾಣಿಕರ ಜೀವ ನಂಬಿರುವ ಜಾಲಕ್ಕೆ ಇಷ್ಟು ಶಿಸ್ತು ಬೇಕೇ ಬೇಕು.