ಕನ್ನಡಿಯಾಗದ ಗಾಜು

ನಮ್ಮ ಕಾಲೇಜಿನ ಕನ್ನಡ ವಿಭಾಗದಲ್ಲಿ ಓಲೆಗರಿಯ ಕಟ್ಟೊಂದಿದೆ. ಊರಿನ ಹಿರಿಯರೊಬ್ಬರು ತಮ್ಮ ಮನೆಯ ಅಟ್ಟದಿಂದ ಇಳಿಸಿ, "ಹುಡುಗರು ನೋಡಲಿ ಮೇಷ್ಟ್ರೇ" ಎಂದು ಕೊಟ್ಟುಹೋದದ್ದು. ಅದಕ್ಕೊಂದು ಪೆಟ್ಟಿಗೆ ಮಾಡಿಸಿ ಮೇಲೆ ಗಾಜು ಹೊದಿಸಿದೆವು. ಬಗ್ಗಿ ನೋಡಿದವರಿಗೆ ಕಂಡದ್ದು ಪಶ್ಚಿಮದ ಕಿಟಕಿ, ತಲೆಯ ಮೇಲಿನ ದೀಪ, ತಮ್ಮದೇ ಮುಖ. ಕಂಟದಿಂದ ಕೊರೆದ ಅಕ್ಷರ ಮಾತ್ರ ಕಾಣಲಿಲ್ಲ.

ಬೇರೆ ಗಾಜು ತರಿಸುವುದೆಂದಾಯಿತು. ಬೇಡಿಕೆಯ ಪತ್ರ ಬರೆಯುವ ಭಾರ, ಕನ್ನಡದವನೆಂಬ ಕಾರಣಕ್ಕೆ, ನನ್ನ ಮೇಲೆ ಬಿತ್ತು. "ಹೊಳಪಿಲ್ಲದ, ಉತ್ತಮ ದರ್ಜೆಯ, ಕಣ್ಣಿಗೆ ಹಿತವಾದ ಗಾಜು" ಎಂದು ಬರೆದು, ವಾಕ್ಯದ ಓಟಕ್ಕೆ ಒಳಗೊಳಗೇ ಹಿಗ್ಗಿದೆ. ಬಂದದ್ದು ಆಮ್ಲದಿಂದ ಮೈ ತರಿಮಾಡಿದ ಗಾಜು. ಹೊಳಪೇನೋ ಇರಲಿಲ್ಲ. ಆದರೆ ಅಂಥ ಗಾಜು ಬೆಳಕನ್ನು ಚೆದುರಿಸುತ್ತದೆ. ವಸ್ತುವಿಗೆ ಅಂಟಿಕೊಂಡಿದ್ದರೆ ಸರಿ, ನಾಲ್ಕು ಬೆರಳು ಮೇಲಿದ್ದರೆ ಕೆಳಗಿನದೆಲ್ಲ ಮಂಜು. ಅಂಗಡಿಯವರನ್ನು ಕೇಳಿದರೆ ನನ್ನ ಪತ್ರವನ್ನೇ ನನ್ನ ಮುಂದೆ ಹಿಡಿದರು. ವಿಭಾಗದ ಆ ವರ್ಷದ ಹಣ ಮುಗಿದಿತ್ತು. ಹಿರಿಯರು ಒಮ್ಮೆ ಬಂದು ನೋಡಿ, ಏನೂ ಹೇಳದೆ ಹೋದರು.

ಮರುವರ್ಷ ಭೌತಶಾಸ್ತ್ರದ ಮಿತ್ರರ ಮೊರೆಹೊಕ್ಕೆ. ಗಾಜಿನ ಒಂದೊಂದು ಮೈಯೂ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ನೂರಕ್ಕೆ ಸುಮಾರು 4 ಪಾಲನ್ನು ಹಿಂದಕ್ಕೆಸೆಯುತ್ತದಂತೆ. ಎರಡು ಮೈ ಸೇರಿ 8. ಮಾಸಿದ ಓಲೆಯ ಮುಂದೆ ಅದೇ ದೊಡ್ಡದು. ಗಾಜಿನ ಮೇಲೆ ಮೆಗ್ನೀಸಿಯಂ ಫ್ಲೋರೈಡಿನ ಪೊರೆಯೊಂದನ್ನು ಕೂರಿಸಿದರೆ, ಪೊರೆಯ ಮೇಲ್ಮೈಯಿಂದ ಮರಳುವ ಅಲೆಯ ಉಬ್ಬಿಗೆ ತಳದಿಂದ ಮರಳುವ ಅಲೆಯ ತಗ್ಗು ಎದುರಾಗಿ, ಎರಡೂ ಬಹುಮಟ್ಟಿಗೆ ಅಳಿದುಹೋಗುತ್ತವೆ. ಆ 4 ಪಾಲು ಒಂದೂಕಾಲರ ಆಸುಪಾಸಿಗೆ ಇಳಿಯುತ್ತದೆ. ಪೊರೆಯ ದಪ್ಪ ಸುಮಾರು 100 ನ್ಯಾನೊಮೀಟರ್, ಎಂದರೆ ಮಿಲಿಮೀಟರಿನ ಹತ್ತು ಸಾವಿರದಲ್ಲೊಂದು ಪಾಲು! ಕಾಲದಿಂದ ಕಲೆಗಟ್ಟಿದ ಹಳೆಯ ಮಸೂರಗಳು ಹೊಸವಕ್ಕಿಂತ ಹೆಚ್ಚು ಬೆಳಕನ್ನು ಬಿಡುವುದನ್ನು ಇಂಗ್ಲೆಂಡಿನ ಡೆನಿಸ್ ಟೇಲರ್ 1892ರಲ್ಲಿ ಗಮನಿಸಿದ್ದರು. ಮುಪ್ಪು ಮಾಡಿದ ಉಪಕಾರವನ್ನು ನಿರ್ವಾತದಲ್ಲಿ ಪೊರೆ ಹಚ್ಚಿ ಪಡೆಯುವ ವಿಧಾನಕ್ಕೆ 1935ರಲ್ಲಿ ಜರ್ಮನಿಯ ಝೈಸ್ ಸಂಸ್ಥೆಯ ಸ್ಮಾಕುಲಾ ಹಕ್ಕುಪತ್ರ ಬೇಡಿದರು.

ಪತ್ರ ಬರೆಯಲು ಕುಳಿತೆವು. "ಪ್ರತಿಫಲನ ಇರಕೂಡದು" ಎಂದು ನಾನು ಮೊದಲಿಟ್ಟೆ. ಮಿತ್ರರು ಹೊಡೆದುಹಾಕಿದರು. "ಸೊನ್ನೆಯನ್ನು ಯಾರೂ ಕೊಡಲಾರರು ಮೇಷ್ಟ್ರೇ. ಎಷ್ಟು ಸಾಕು, ಅದನ್ನು ಹೇಳಿ." ನೂರಕ್ಕೆ 1 ಮೀರಕೂಡದೆಂದಾಯಿತು. ಯಾವ ಬಣ್ಣಕ್ಕೆ? ಒಂದೇ ಪೊರೆ ಹಸಿರನ್ನು ಚೆನ್ನಾಗಿ ಅಡಗಿಸಿ, ಕೆಂಪು ನೀಲಿಗಳನ್ನು ಅಷ್ಟಾಗಿ ಅಡಗಿಸದೆ, ನೇರಳೆಯ ಛಾಯೆ ಉಳಿಸುತ್ತದೆ. ಆದುದರಿಂದ 400ರಿಂದ 700 ನ್ಯಾನೊಮೀಟರ್ ಎಂದು ಬರೆದೆವು. ಅದಕ್ಕೆ ಹಲವು ಪೊರೆ ಬೇಕು, ಬೆಲೆಯೂ ಹೆಚ್ಚು. ಯಾವ ಕೋನದಲ್ಲಿ? ಓರೆಯಾಗಿ ನೋಡಿದರೆ ಪೊರೆಯ ಗುಣ ನೀಲಿಯ ಕಡೆಗೆ ಸರಿಯುತ್ತದೆ. ಪೆಟ್ಟಿಗೆಯಿಂದ ಕಿಟಕಿಗೆ ದಾರ ಹಿಡಿದು ಅಳೆದೆವು. 45 ಡಿಗ್ರಿಯವರೆಗೆ ಎಂದು ನಿಶ್ಚಯಿಸಿದೆವು. ಓಲೆಯನ್ನು ಸವೆಸುವ ಅತಿನೇರಳೆ ಕಿರಣವನ್ನು ಈ ಪೊರೆ ತಡೆಯುವುದೆಂದು ನಾನು ನಂಬಿದ್ದೆ. ತಡೆಯದು, ಅದಕ್ಕೆ ಎರಡು ಗಾಜುಗಳ ನಡುವೆ ಬೇರೆಯೇ ಪ್ಲಾಸ್ಟಿಕ್ ಹಾಳೆ ಬೇಕೆಂದು ತಿಳಿದಾಗ ಬೆವರೊಡೆಯಿತು. ಅದನ್ನು ಬರೆಯದೆ ಬಿಟ್ಟಿದ್ದರೆ ಓದುವವರು ಮೆಚ್ಚುತ್ತಿದ್ದರು, ಓಲೆ ಮೌನವಾಗಿ ಸಾಯುತ್ತಿತ್ತು.

"ಒರೆಸುವವರು ಯಾರು?" ಎಂದರು ಕೊನೆಗೆ. ನಗು ಬಂತು. ಆದರೆ ನಮ್ಮ ಅಟೆಂಡರ್ ಕಪ್ಪುಹಲಗೆಯ ಬಟ್ಟೆಯಿಂದಲೇ ಎಲ್ಲವನ್ನೂ ತಿಕ್ಕುವವರು. ಉಜ್ಜಿದರೂ ತೇವಕ್ಕೂ ಪೊರೆ ಏಳಬಾರದೆಂಬ ಪರೀಕ್ಷೆ ಸೇರಿತು. ಅದೇ ನಿರ್ವಾತದಲ್ಲಿ, ಅದೇ ಹೊತ್ತಿನಲ್ಲಿ ಪೊರೆ ಹಚ್ಚಿದ ಸಣ್ಣ ಗಾಜಿನ ತುಣುಕೊಂದನ್ನೂ ಕಳುಹಿಸತಕ್ಕದ್ದೆಂದು ಬರೆದೆವು: ಅಳತೆಗೆ ಅದೇ ಸಾಕ್ಷಿ. ಒಂದೂವರೆ ಪುಟದ ಪತ್ರದಲ್ಲಿ ವಿಶೇಷಣವೊಂದೂ ಉಳಿಯಲಿಲ್ಲ.

ಗಾಜು ಬಂತು, ಸಾಕ್ಷಿಯೂ ಅಳತೆಗೆ ನಿಂತಿತು. ಹಿರಿಯರನ್ನು ಕರೆಸಿದೆ. ಬಗ್ಗಿ, ಮೊದಲ ಸಾಲನ್ನು ತಡವರಿಸುತ್ತ ಓದಿದರು. ಗಾಜಿದೆಯೆಂಬುದನ್ನೇ ಮರೆತು ಅಕ್ಷರವನ್ನು ಮುಟ್ಟಲು ಬೆರಳು ನೀಡಿದರು. ಇಂಥ ಗಾಜಿನ ಮೇಲೆ ಬೆರಳಿನ ಗುರುತು ಎದ್ದು ಕಾಣುತ್ತದೆ. ಅಟೆಂಡರ್ ಹೊಸ ಮೆದುಬಟ್ಟೆ ಹಿಡಿದು ಬಂದರು. ಇವತ್ತು ಬೇಡ, ನಾಳೆ ಒರೆಸಿ ಎಂದೆ.