ಅದುಮಿಟ್ಟ ಸ್ಪ್ರಿಂಗ್ ಸೋಲುತ್ತದೆಯೇ?

ಪತ್ರಿಕೆಗೂ ಮ್ಯಾಗಜಿನ್ ಎನ್ನುತ್ತೇವೆ, ರೈಫಲಿನಲ್ಲಿ ಗುಂಡು ತುಂಬಿಡುವ ಪೆಟ್ಟಿಗೆಗೂ ಮ್ಯಾಗಜಿನ್ ಎನ್ನುತ್ತೇವೆ. ಉಗ್ರಾಣ ಎಂಬ ಅರ್ಥದ ಅರಬ್ಬಿ ಶಬ್ದವೇ ಎರಡಕ್ಕೂ ಮೂಲ. 1731ರಲ್ಲಿ ಲಂಡನ್ನಿನಲ್ಲಿ ಎಡ್ವರ್ಡ್ ಕೇವ್ ಎಂಬಾತ ‘ಜಂಟಲ್‌ಮನ್ಸ್ ಮ್ಯಾಗಜಿನ್’ ಹೊರಡಿಸಿದ ಮೇಲೆ ಬರಹಗಳ ಉಗ್ರಾಣಕ್ಕೂ ಆ ಹೆಸರು ಅಂಟಿಕೊಂಡಿತು. ಇಂದು ನಾವು ನೋಡಲಿರುವುದು ಗುಂಡಿನ ಉಗ್ರಾಣವನ್ನು, ಅದರಲ್ಲೂ ಅದರೊಳಗೆ ಅದುಮಿ ಕುಳಿತ ಸ್ಪ್ರಿಂಗನ್ನು.

ಮ್ಯಾಗಜಿನ್ನಿನ ರಚನೆ ಸರಳ. ಒಂದು ಪೆಟ್ಟಿಗೆ, ತಳದಲ್ಲಿ ಉಕ್ಕಿನ ಸ್ಪ್ರಿಂಗ್, ಅದರ ಮೇಲೊಂದು ತಟ್ಟೆ, ಬಾಯಿಯಲ್ಲಿ ಗುಂಡು ಹೊರಬೀಳದಂತೆ ತಡೆಯುವ ಎರಡು ತುಟಿಗಳು. ಒಂದು ಗುಂಡು ಹೋದೊಡನೆ ಸ್ಪ್ರಿಂಗ್ ಮುಂದಿನದನ್ನು ಮೇಲಕ್ಕೆ ತಳ್ಳುತ್ತದೆ. ಎನ್‌ಸಿಸಿ ಶಿಬಿರಕ್ಕೆ ಹೋಗಿ ಬಂದ ವಿದ್ಯಾರ್ಥಿಗಳು ಕೇಳುವುದುಂಟು: ‘ವರ್ಷಗಟ್ಟಲೆ ತುಂಬಿಟ್ಟರೆ ಸ್ಪ್ರಿಂಗ್ ಸೋತುಹೋಗುವುದಿಲ್ಲವೇ, ಸಾರ್?’ ಕುಕ್ಕರುಗಾಲಿನಲ್ಲಿ ತುಂಬ ಹೊತ್ತು ಕುಳಿತರೆ ನಮ್ಮ ಕಾಲು ಜೋಮು ಹಿಡಿಯುತ್ತದೆ. ಸ್ಪ್ರಿಂಗಿಗೂ ಹಾಗೆಯೇ ಎಂದು ತೋರುವುದು ಸಹಜ. ಆದರೆ ಉಕ್ಕಿಗೆ ಸ್ನಾಯುಗಳಿಲ್ಲ, ರಕ್ತವೂ ಇಲ್ಲ.

ಹುಕ್ ಹೇಳಿದ್ದು

ಸ್ಪ್ರಿಂಗಿನ ನಿಯಮವನ್ನು ಮೊದಲು ಹೇಳಿದವನು ಇಂಗ್ಲೆಂಡಿನ ರಾಬರ್ಟ್ ಹುಕ್. 1676ರಲ್ಲಿ ಅಕ್ಷರಗಳನ್ನು ಕಲಸಿ ಒಗಟಾಗಿ ಪ್ರಕಟಿಸಿ, 1678ರಲ್ಲಿ ಬಿಡಿಸಿ ಹೇಳಿದ. ಹಾಕಿದ ಬಲ ಎಷ್ಟೋ ಹಿಗ್ಗುವಿಕೆಯೂ ಅಷ್ಟೇ ಪ್ರಮಾಣದಲ್ಲಿರುತ್ತದೆ ಎಂಬುದು ಅದರ ತಾತ್ಪರ್ಯ. ಸ್ಥಿತಿಸ್ಥಾಪಕ ಮಿತಿಯೊಳಗೆ ಮಾತ್ರ ಈ ಮಾತು ನಿಲ್ಲುತ್ತದೆ. ಮಿತಿಯೊಳಗಿದ್ದಾಗ ಲೋಹದ ಪರಮಾಣುಗಳು ನೆರೆಯವರೊಡನೆ ಇರುವ ಅಂತರವನ್ನು ಕೊಂಚ ಬದಲಿಸುತ್ತವೆಯೇ ಹೊರತು ಜಾಗ ಬಿಟ್ಟು ಹೋಗುವುದಿಲ್ಲ. ಬಲ ತೆಗೆದರೆ ಮೊದಲಿನಂತಾಗುತ್ತವೆ. ಮಿತಿ ಮೀರಿದರೆ ಅವುಗಳ ಸಾಲುಗಳೇ ಜಾರುತ್ತವೆ, ಸ್ಪ್ರಿಂಗ್ ಶಾಶ್ವತವಾಗಿ ಗಿಡ್ಡವಾಗುತ್ತದೆ.

ಒಳ್ಳೆಯ ಮ್ಯಾಗಜಿನ್ನಿನ ಸ್ಪ್ರಿಂಗ್ ಪೂರ್ತಿ ತುಂಬಿದಾಗಲೂ ಮಿತಿಯೊಳಗಿರುವಂತೆ ರೂಪಿಸಿರುತ್ತಾರೆ. ಹೊಸದರಲ್ಲಿ ಅದು ಕೊಂಚ ಕುಗ್ಗಿ ಆಮೇಲೆ ನೆಲೆ ನಿಲ್ಲುತ್ತದೆ. ಅನೇಕ ತಯಾರಕರು ಮಾರುವ ಮೊದಲೇ ಸ್ಪ್ರಿಂಗನ್ನು ಪೂರ್ತಿ ಅದುಮಿ ಈ ಕುಗ್ಗುವಿಕೆಯನ್ನು ಮುಗಿಸಿರುತ್ತಾರೆ. ಆಮೇಲೆ ಸುಮ್ಮನೆ ಅದುಮಿಟ್ಟದ್ದರಿಂದ, ಸಾಮಾನ್ಯ ಉಷ್ಣತೆಯಲ್ಲಿ, ಆಗುವ ನಷ್ಟ ತೀರ ಅಲ್ಪ.

ಹಳಿಯ ಬದಿಯ ಸಾಕ್ಷಿ

ನಂಬಿಕೆ ಬಾರದಿದ್ದರೆ ರೈಲು ನಿಲ್ದಾಣದ ಪ್ಲಾಟ್‌ಫಾರ್ಮಿನ ಮೇಲೆ ನಿಂತು ಹಳಿಯ ಬುಡ ನೋಡಿ. ಬ್ರಹ್ಮಾವರದವರಿಗೆ ಬಾರ್ಕೂರು ಹತ್ತಿರ, ಮಿಕ್ಕವರಿಗೆ ಕುಂದಾಪುರ, ಸೇನಾಪುರ, ಬಿಜೂರು, ಮೂಕಾಂಬಿಕಾ ರೋಡ್ ಬೈಂದೂರು ನಿಲ್ದಾಣಗಳಿವೆ. ಕಾಂಕ್ರೀಟ್ ಸ್ಲೀಪರಿಗೆ ಹಳಿಯನ್ನು ಬಿಗಿದ, ಬಳ್ಳಿಯಂತೆ ಬಾಗಿದ ಉಕ್ಕಿನ ಕ್ಲಿಪ್ ಕಾಣುತ್ತದೆ. ಅದೂ ಒಂದು ಸ್ಪ್ರಿಂಗೇ. ಸ್ಲೀಪರೊಂದಕ್ಕೆ ನಾಲ್ಕು. ಭಾರತೀಯ ರೈಲ್ವೆಯ ಮಾರ್ಕ್-3 ಮಾದರಿಯ ಕ್ಲಿಪ್ ಒಂದೊಂದೂ 850ರಿಂದ 1100 ಕಿಲೋಗ್ರಾಂ ಭಾರದಷ್ಟು ಬಲದಿಂದ ಹಳಿಯನ್ನು ಒತ್ತಿ ಹಿಡಿಯುತ್ತದೆ, ಹಗಲಿರುಳು, ವರ್ಷಾನುಗಟ್ಟಲೆ. ‘ಬಿಡುವು’ ಕೊಡಲೆಂದು ಅದನ್ನು ಯಾರೂ ಕಳಚಿಡುವುದಿಲ್ಲ.

ಆದರೆ ಗ್ರೀಸ್ ಹಚ್ಚುತ್ತಾರೆ. ತುಕ್ಕು ಹಿಡಿಯುವ ಪ್ರದೇಶಗಳಲ್ಲಿ ಇನ್ನೂ ಹೆಚ್ಚಿನ ಜಾಗ್ರತೆ. ಏಕೆಂದರೆ ಒತ್ತಡವೊಂದೇ ಉಕ್ಕನ್ನು ಕೆಡಿಸುವುದು ಕಡಿಮೆ, ಒತ್ತಡದ ಜೊತೆ ಇನ್ನೊಂದು ಶತ್ರು ಸೇರಿದಾಗಲೇ ಅಪಾಯ.

ಒತ್ತಡದ ಜೊತೆಗಾರರು

ಮೊದಲನೆಯದು ಮತ್ತೆ ಮತ್ತೆ ಆಗುವ ಚಲನೆ. ಕೆಂಪುಕಲ್ಲು ಹೇರಿದ ಲಾರಿಯ ಪಾಟಾ ನಿಂತಲ್ಲೇ ತುಂಡಾಗುವುದು ಅಪರೂಪ. ಹೊಂಡದ ರಸ್ತೆಯಲ್ಲಿ ಸಾವಿರ ಸಾವಿರ ಸಲ ಕುಲುಕಿದ ಮೇಲೆ ತುಂಡಾಗುತ್ತದೆ. ಲೋಹದ ಈ ‘ದಣಿವ’ನ್ನು ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ರೈಲಿನ ಅಚ್ಚುಗಳ ಮೇಲೆ ಪ್ರಯೋಗ ಮಾಡಿ ವಿವರಿಸಿದವನು ಜರ್ಮನಿಯ ಆಗಸ್ಟ್ ವೋಲರ್. ಸ್ಪ್ರಿಂಗಿಗೆ ‘ವಿಶ್ರಾಂತಿ’ ಕೊಡಲೆಂದು ಮ್ಯಾಗಜಿನ್ನನ್ನು ದಿನವೂ ತುಂಬಿ ಖಾಲಿ ಮಾಡುವುದರಿಂದ ಸವೆತವೇ ಹೆಚ್ಚು.

ಎರಡನೆಯದು ಉಪ್ಪು ಮತ್ತು ತೇವ. ನಮ್ಮದು ಕಡಲ ಬದಿ. ಮಳೆಗಾಲದಲ್ಲಿ ಹೊಲಿಗೆ ಯಂತ್ರದ ಸೂಜಿಯಿಂದ ಕಪಾಟಿನ ಕೀಲಿಯವರೆಗೆ ಎಲ್ಲಕ್ಕೂ ತುಕ್ಕು. ತುಕ್ಕು ಕೊರೆದ ಸಣ್ಣ ಗುಳಿಯಲ್ಲಿ ಬಲವೆಲ್ಲ ಕೇಂದ್ರೀಕರಿಸಿ ಬಿರುಕು ಹುಟ್ಟುತ್ತದೆ.

ಮೂರನೆಯದು ಪ್ಲಾಸ್ಟಿಕ್ಕಿನ ಗುಣ. ಬಲಕ್ಕೆ ಸಿಕ್ಕಿದ ಪ್ಲಾಸ್ಟಿಕ್ ಕಾಲಕ್ರಮದಲ್ಲಿ ನಿಧಾನವಾಗಿ ಬಾಗುತ್ತದೆ. ಆದುದರಿಂದ ಪ್ಲಾಸ್ಟಿಕ್ ಮ್ಯಾಗಜಿನ್ನಿನಲ್ಲಿ ಸ್ಪ್ರಿಂಗಿಗಿಂತ ತುಟಿಗಳ ಚಿಂತೆಯೇ ಹೆಚ್ಚು. ತುಂಬಿಟ್ಟಾಗ ತುಟಿಗಳ ಮೇಲಿನ ಒತ್ತಡ ತಪ್ಪಿಸುವ ಮುಚ್ಚಳವನ್ನು ಕೆಲವು ತಯಾರಕರು ಕೊಡುತ್ತಾರೆ. ಚಳಿಯೂ ಪ್ಲಾಸ್ಟಿಕ್ಕಿಗೆ ಶತ್ರು. 1999ರ ಕಾರ್ಗಿಲ್ ಯುದ್ಧದಲ್ಲಿ ನಮ್ಮ ಇನ್ಸಾಸ್ ರೈಫಲಿನ 20 ಗುಂಡುಗಳ ಪ್ಲಾಸ್ಟಿಕ್ ಮ್ಯಾಗಜಿನ್ ಹಿಮದ ಚಳಿಗೆ ಬಿರುಕು ಬಿಡುತ್ತದೆಂಬ ದೂರುಗಳು ಬಂದಿದ್ದವು.

ಲಾಯದಲ್ಲಿ ಒಡೆದ ತೋಟೆಗಳು

ನಮ್ಮ ದೇಶದ್ದೇ ಒಂದು ಪ್ರಸಿದ್ಧ ನಿದರ್ಶನವಿದೆ. ಬ್ರಿಟಿಷ್ ಸೇನೆ ಮಳೆಗಾಲದಲ್ಲಿ ಹಿತ್ತಾಳೆಯ ತೋಟೆಗಳನ್ನು ಕುದುರೆ ಲಾಯಗಳಲ್ಲಿ ದಾಸ್ತಾನಿಡುತ್ತಿತ್ತು. ಮಳೆ ಕಳೆದು ತೆಗೆದರೆ ಎಷ್ಟೋ ತೋಟೆಗಳು ತಾವಾಗಿ ಬಿರುಕು ಬಿಟ್ಟಿರುತ್ತಿದ್ದವು. ಋತುಮಾನದ ಬಿರುಕು ಎಂದೇ ಅದಕ್ಕೆ ಹೆಸರಾಯಿತು. ಕಾರಣ ಸ್ಪಷ್ಟವಾದದ್ದು 1921ರಲ್ಲಿ, ಮೂರ್, ಬೆಕಿನ್ಸೇಲ್ ಮತ್ತು ಮ್ಯಾಲಿನ್ಸನ್ ಎಂಬ ಸಂಶೋಧಕರಿಂದ. ತಯಾರಿಕೆಯಲ್ಲಿ ಲೋಹದೊಳಗೆ ಉಳಿದ ಒತ್ತಡ ಒಂದು ಕಡೆ, ಕುದುರೆ ಗಂಜಲದಿಂದ ಏಳುವ ಅಮೋನಿಯಾ ಇನ್ನೊಂದು ಕಡೆ. ಎರಡೂ ಕೂಡಿ ಹಿತ್ತಾಳೆಯನ್ನು ಸೀಳಿದವು. ಲೋಹವನ್ನು ಹದವಾಗಿ ಕಾಯಿಸಿ ಒಳಒತ್ತಡ ಇಳಿಸುವುದೇ ಪರಿಹಾರವಾಯಿತು. ದನದ ಹಟ್ಟಿಯ ಗಾಳಿಯಲ್ಲೂ ಅದೇ ಅಮೋನಿಯಾ ಇದೆ ಎಂಬುದನ್ನು ಮರೆಯಬಾರದು.

ನೀವೇ ಮಾಡಿ ನೋಡಿ

ಹಾರ್ಡ್‌ವೇರ್ ಅಂಗಡಿಯಿಂದ ಒಂದೇ ಬಗೆಯ ಎರಡು ಸಣ್ಣ ಸ್ಪ್ರಿಂಗ್ ತನ್ನಿ, ಜೊತೆಗೊಂದು ರಬ್ಬರ್ ಬ್ಯಾಂಡ್. ಮೂರರ ಉದ್ದವನ್ನೂ ಅಳೆದು ಬರೆದಿಡಿ. ತುಸುವೇ ಹಿಗ್ಗಿಸುವಷ್ಟು ಭಾರ ತೂಗಹಾಕಿ. ಒಂದು ಸ್ಪ್ರಿಂಗಿಗೆ ಎಣ್ಣೆ ಸವರಿ, ಇನ್ನೊಂದಕ್ಕೆ ದಿನವೂ ಉಪ್ಪುನೀರು ಚಿಮುಕಿಸಿ. ತಿಂಗಳ ನಂತರ ಭಾರ ತೆಗೆದು ಮತ್ತೆ ಅಳೆಯಿರಿ. ರಬ್ಬರ್ ಉದ್ದವಾಗಿಯೇ ಉಳಿದಿರುತ್ತದೆ. ಎಣ್ಣೆ ಸವರಿದ ಸ್ಪ್ರಿಂಗ್ ಬಹುತೇಕ ಮೊದಲಿನಂತೆಯೇ ಇರುತ್ತದೆ. ಉಪ್ಪುನೀರು ಕುಡಿದದ್ದರ ಮೈಯೆಲ್ಲ ಕೆಂಪಾಗಿರುತ್ತದೆ.

ಹೆತ್ತವರಿಗೊಂದು ಮಾತು

ನಮ್ಮ ಮೂರೂ ತಾಲೂಕುಗಳ ಒಳನಾಡಿನಲ್ಲಿ ಕಾಡುಹಂದಿ, ಮಂಗಗಳಿಂದ ಬೆಳೆ ಉಳಿಸಿಕೊಳ್ಳಲು ಪರವಾನಗಿಯ ಕೋವಿ ಇಟ್ಟುಕೊಂಡ ಮನೆಗಳಿವೆ. ಒಂಟಿ ನಳಿಗೆಯ, ಜೋಡಿ ನಳಿಗೆಯ ಆ ಕೋವಿಗಳಿಗೆ ಸಾಮಾನ್ಯವಾಗಿ ಮ್ಯಾಗಜಿನ್ ಇರುವುದಿಲ್ಲ. ಆದರೂ ಮೇಲಿನ ವಿಜ್ಞಾನ ಅವಕ್ಕೂ ಅನ್ವಯಿಸುತ್ತದೆ. ಸ್ಪ್ರಿಂಗ್ ತಾಳಿಕೊಳ್ಳುತ್ತದೆ ಎಂಬ ಉತ್ತರವನ್ನು ಮಾತ್ರ ಯಾರೂ ತಪ್ಪು ತಿಳಿಯಬಾರದು. ತುಂಬಿದ ಕೋವಿಯೊಳಗಿನ ಸ್ಪ್ರಿಂಗ್ ಹತ್ತು ವರ್ಷವಾದರೂ ಸೋಲದೆ ಕಾದಿರುತ್ತದೆ ಎಂಬುದೇ ಭಯಪಡಬೇಕಾದ ಸಂಗತಿ. ಮಗುವಿನ ಬೆರಳು ತಾಗಿದರೂ ಅದು ತನ್ನ ಕೆಲಸ ಮಾಡಿಯೇ ತೀರುತ್ತದೆ. ಕೋವಿಯನ್ನು ಖಾಲಿ ಮಾಡಿ ಬೀಗದೊಳಗಿಡಿ. ತೋಟೆಗಳನ್ನು ಹಟ್ಟಿಯಿಂದಲೂ ತೇವದಿಂದಲೂ ದೂರ, ಬೇರೆಯೇ ಬೀಗದೊಳಗಿಡಿ. ಎರಡು ಕೀಲಿಗಳನ್ನೂ ಮಕ್ಕಳ ಕೈಗೆ ಸಿಗದಂತೆ ನೋಡಿಕೊಳ್ಳಿ.